ಕೌನ್ಸಿಲ್ ವಕೀಲರ ವಾಚನಾಲಯ

ಮೊನ್ನೆ ಮೊಮ್ಮಗಳು ಕೂಸಿಗೆಂದು ಸಾಣೆಕಲ್ಲಿನ ಮೇಲೆ ಬಜೆ ತೇಯುತ್ತಿದ್ದಳು. ಆ ಖಾರದ, ಒಣಗಿದ ವಾಸನೆ ನಡುಮನೆಗೆ ಬಂದದ್ದೇ ತಡ, ನಾನು ಹೊಸೆಯುತ್ತಿದ್ದ ಹೂಬತ್ತಿ ಬಿಟ್ಟು ಸುಮ್ಮನೆ ಕೂತುಬಿಟ್ಟೆ. "ಏನಜ್ಜಿ, ತಲೆ ಸುತ್ತಿತಾ?" ಎಂದಳು. ಇಲ್ಲವೆಂದೆ. ನಮ್ಮ ಮೈಸೂರು ಕಡೆ ಬಜೆಯೆಂದರೆ ಬಾಣಂತಿ ಕೋಣೆಯ ನೆನಪು. ನನಗೆ ಮಾತ್ರ ಅದು ಪುಸ್ತಕದ ವಾಸನೆ. ಮುದ್ದೇಬಿಹಾಳದ ಒಂದು ಕಲ್ಲುಕಟ್ಟಡದ ಕಪಾಟುಗಳಲ್ಲಿ, ಹುಳ ಹತ್ತದಿರಲೆಂದು, ಪುಸ್ತಕದ ಸಾಲುಗಳ ಹಿಂದೆ ಬಜೆಯ ತುಂಡುಗಳನ್ನು ಇಡುತ್ತಿದ್ದರು. ಆ ಊರಿನಲ್ಲಿ ನಾನಿದ್ದದ್ದು ಒಂದೇ ವರ್ಷ, ಏಕೀಕರಣವಾದ ಮರುವರ್ಷ. ಅಷ್ಟು ಒಂಟಿಯಾಗಿ ನಾನು ಮತ್ತೆಂದೂ ಬದುಕಲಿಲ್ಲ.

ನಮ್ಮವರು ಮುನ್ಸೀಫರಾಗಿದ್ದರು. ರಾಜ್ಯಗಳು ಒಂದಾದ ಮೇಲೆ ಈ ಕಡೆಯವರನ್ನು ಆ ಕಡೆಗೆ ಹಾಕುವುದು ಶುರುವಾಗಿತ್ತು. ಮುದ್ದೇಬಿಹಾಳ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ವರ್ಗದ ಆರ್ಡರು ಬಂದ ದಿನ. ನಮ್ಮ ತಾಯಿ ಅಕ್ಕಿ, ಹುಣಸೆಹಣ್ಣು ಎಲ್ಲ ಕಟ್ಟಿಕೊಟ್ಟರು, ಅಲ್ಲಿ ಏನೂ ಸಿಗುವುದಿಲ್ಲವೇನೋ ಎಂಬಂತೆ. ಮದುವೆಯಾಗಿ ಮೂರು ವರ್ಷವಾಗಿತ್ತು, ಮಕ್ಕಳಿರಲಿಲ್ಲ.

ನಾವು ಹೋದದ್ದು ಬೇಸಿಗೆಯ ಕೊನೆಯಲ್ಲಿ. ಕಪ್ಪು ನೆಲ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ನಮಗೆ ಕೊಟ್ಟ ಮನೆ ಕಲ್ಲುಗೋಡೆಯ, ಮಣ್ಣಿನ ಮಾಳಿಗೆಯ ಮನೆ. ಬಾಗಿಲು ಹಾಕಿಕೊಂಡರೆ ಗುಹೆಯಂತೆ ತಂಪು, ತೆರೆದರೆ ಬಿಸಿಗಾಳಿ ಮುಖಕ್ಕೆ ರಾಚುತ್ತಿತ್ತು. ಹೋದ ಎರಡನೆಯ ದಿನವೇ ನಮ್ಮವರು ನನ್ನನ್ನು ಕೂರಿಸಿಕೊಂಡು ಹೇಳಿದರು.

"ನೋಡು, ಇಲ್ಲಿ ನೀನು ಯಾರ ಮನೆಗೂ ಹೋಗೋ ಹಾಗಿಲ್ಲ, ಯಾರು ಏನು ಕೊಟ್ಟರೂ ತಗೊಳ್ಳೋ ಹಾಗಿಲ್ಲ. ಊರು ಚಿಕ್ಕದು. ಇವತ್ತು ನೀನು ಯಾರ ಮನೇಲಿ ಮಜ್ಜಿಗೆ ಕುಡಿತೀಯೋ ಅವರೇ ನಾಳೆ ನನ್ನ ಮುಂದೆ ಕಟಕಟೇಲಿ ನಿಂತಿರ್ತಾರೆ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಅದೇ ವಾರ ಓಣಿಯ ಹೆಂಗಸರು ನಾಲ್ಕೈದು ಜನ ಹಣೆತುಂಬ ಕುಂಕುಮ ಇಟ್ಟುಕೊಂಡು, ತಟ್ಟೆಯಲ್ಲಿ ಕುಬಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಹಿಡಿದು ಬಂದರು. "ಹೊಸದಾಗಿ ಬಂದೀರಿ, ಉಡಿ ತುಂಬಾಕ ಬಂದೀವ್ರಿ ಬಾಯಾರ" ಎಂದರು. ನಾನು ಬಾಗಿಲಲ್ಲೇ ನಿಂತು, ತೆಗೆದುಕೊಳ್ಳುವ ಹಾಗಿಲ್ಲ ಎಂದೆ. ಯಾಕೆಂದು ಹೇಳಲು ನನಗೆ ಸರಿಯಾಗಿ ಬರಲಿಲ್ಲ, ನನ್ನ ಮಾತು ಅವರಿಗೆ ಪೂರ್ತಿ ತಿಳಿಯಲೂ ಇಲ್ಲ. ಉಡಿ ಬೇಡವೆಂದ ಹೆಣ್ಣನ್ನು ಅವರು ಅದೇ ಮೊದಲು ನೋಡಿದ್ದಿರಬೇಕು. ತಟ್ಟೆಯ ಮೇಲೆ ಸೆರಗು ಹೊದಿಸಿಕೊಂಡು ಮೆಲ್ಲಗೆ ತಿರುಗಿ ಹೋದರು. ಆಮೇಲೆ ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ.

ಬೆಳಗಿನ ಅಡಿಗೆ ಮುಗಿದರೆ ಸಂಜೆಯವರೆಗೆ ನನಗೆ ಕಿಟಕಿಯೇ ಗತಿ. ನಮ್ಮವರು ಕೋರ್ಟಿನಿಂದ ಬಂದ ಮೇಲೂ ಮಾತು ಹೆಚ್ಚಿರುತ್ತಿರಲಿಲ್ಲ. ಫೈಲುಗಳನ್ನು ಹರಡಿಕೊಂಡು ಕೂರುತ್ತಿದ್ದರು. ನಮ್ಮ ಮನೆಗೆ ನೀರು ತರಿಸಿ, ಸಂತೆಯ ಸಾಮಾನು ತಂದುಕೊಡುತ್ತಿದ್ದವನು ಕೋರ್ಟಿನ ಸಿಪಾಯಿ ಹುಸೇನಸಾಬ. ಐವತ್ತರ ಆಸುಪಾಸಿನ ಮನುಷ್ಯ, ಮನಗೂಳಿಯವನು. ಒಂದು ದಿನ ಕೊಡ ಇಳಿಸಿ ಹೇಳಿದ.

"ಬಾಯಾರ, ದಿನಾ ಕಿಡಕ್ಯಾಗ ನಿಂತರ ಹೊತ್ತು ಹೋಗೂದಿಲ್ರಿ. ಎದುರಿಗೆ ವಾಚನಾಲಯ ಐತಲ್ರಿ."

"ಅಲ್ಲಿಗೆ ಹೆಂಗಸರು ಹೋಗ್ತಾರಾ?"

"ಇಲ್ರಿ. ಆದ್ರ ಹೋಗಬಾರದು ಅಂತ ಬೋರ್ಡಿನ ಮ್ಯಾಲೆ ಬರದಿಲ್ರಿ."

ನಮ್ಮವರನ್ನು ಕೇಳಿದೆ. ಸ್ವಲ್ಪ ಯೋಚಿಸಿ, "ಅದು ಸಾರ್ವಜನಿಕ ಸ್ಥಳ, ಯಾರ ಮನೇನೂ ಅಲ್ಲ. ಹೋಗು" ಎಂದರು.

ಅಗಲವಾದ ಕಲ್ಲಿನ ಕಟ್ಟೆ, ದಪ್ಪ ಕಂಬಗಳ ಪಡಸಾಲೆ, ಅದರ ಹಿಂದೆ ಒಂದೇ ಉದ್ದನೆಯ ಕೋಣೆ. ಮೊದಲ ದಿನ ನಾನು ಹೊಸ್ತಿಲು ದಾಟಿದಾಗ ಪತ್ರಿಕೆಗಳ ಮೇಲಿಂದ ಹತ್ತಾರು ಕಣ್ಣು ಎದ್ದವು. ಹಿಂದಕ್ಕೆ ತಿರುಗಿಬಿಡೋಣ ಎನ್ನಿಸಿತು. ಅಷ್ಟರಲ್ಲಿ ಕಪಾಟಿನ ಹತ್ತಿರ ಪುಸ್ತಕ ಒರೆಸುತ್ತಿದ್ದ ಮುದುಕರೊಬ್ಬರು ನನ್ನತ್ತ ಬಂದರು. ಬಿಳಿ ಧೋತರ, ಮುಚ್ಚುಕೊರಳಿನ ಕೋಟು, ತಲೆಗೆ ರುಮಾಲು, ಹಣೆಗೆ ವಿಭೂತಿ.

"ಬರ್ರಿ ಬಾಯಾರ. ಕೂಡ್ರಿ" ಎಂದು ಕಿಟಕಿಯ ಪಕ್ಕದ ಕುರ್ಚಿ ತೋರಿಸಿ, ಮತ್ತೆ ತಮ್ಮ ಕೆಲಸಕ್ಕೆ ಹೋದರು. ಯಾರು, ಎಲ್ಲಿಯವರು, ಏನು ಬೇಕು, ಒಂದನ್ನೂ ಕೇಳಲಿಲ್ಲ.

ಅವರು ಚನ್ನಪ್ಪ ವಕೀಲರು. ಊರಲ್ಲಿ ಎಲ್ಲರೂ ಕೌನ್ಸಿಲ್ ವಕೀಲರು ಎನ್ನುತ್ತಿದ್ದರು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ವಕೀಲಿ ಸನದು ಪಡೆದವರು. ನಡುವಯಸ್ಸಿನಲ್ಲಿ ಮುಂಬೈ ಪ್ರಾಂತದ ಶಾಸನ ಕೌನ್ಸಿಲ್ಲಿಗೆ ಆರಿಸಿಹೋಗಿದ್ದರು. ನಾನು ಕಂಡಾಗ ಎಂಬತ್ತು ದಾಟಿತ್ತು, ಕೋರ್ಟು ಬಿಟ್ಟು ಬಹಳ ಕಾಲವಾಗಿತ್ತು. ವಾಚನಾಲಯ ಅವರು ತಮ್ಮ ಮನೆಯ ಮುಂದಿನ ಭಾಗದಲ್ಲಿ ತೆರೆದದ್ದು, ಪುಸ್ತಕಗಳು ಅವರ ಗಳಿಕೆ. ಅದೇ ಮನೆಯ ಹಿಂದಿನ ಭಾಗದಲ್ಲಿ ಅವರ ತೀರಿಕೊಂಡ ತಮ್ಮನ ಮಗ ಗುರುಸಿದ್ದಪ್ಪ ಸಂಸಾರ ಹೂಡಿದ್ದ. ವಕೀಲರಿಗೆ ಊಟ ಬರುತ್ತಿದ್ದದ್ದೂ ಅಲ್ಲಿಂದಲೇ.

ನಾನು ದಿನವೂ ಮಧ್ಯಾಹ್ನ ಹೋಗತೊಡಗಿದೆ. ಒಂದು ವಾರವಾದ ಮೇಲೆ ಧಾನ್ಯದ ಅಡತಿ ಅಂಗಡಿಯವನೊಬ್ಬ ನನಗೆ ಕೇಳುವಂತೆಯೇ ಗೊಣಗಿದ.

"ವಕೀಲರ, ಹೆಣ್ಣಮಕ್ಕಳು ಬಂದು ಕುಂತರ ನಾವು ಕಾಲು ಚಾಚಿ ಓದೂದು ಹ್ಯಾಂಗ್ರಿ?"

"ಕಾಲು ಮಡಚಿ ಓದಪಾ. ಅಕ್ಷರ ಹಂಗೂ ಕಾಣ್ತಾವ" ಎಂದರು ವಕೀಲರು, ಕನ್ನಡಕ ಎತ್ತದೆ.

ಎಲ್ಲರೂ ನಕ್ಕರು. ಆ ಮನುಷ್ಯನೂ ನಕ್ಕ. ಆಮೇಲೆ ನನ್ನನ್ನು ಯಾರೂ ಹೊರಗಿನವಳಂತೆ ನೋಡಲಿಲ್ಲ, ಅಥವಾ ನೋಡುವುದನ್ನೇ ಮರೆತರು. ಎರಡೂ ನನಗೆ ಒಂದೇ ಆಗಿತ್ತು.

ಮಳೆಗಾಲ ಬಂತು. ಆ ಕಡೆಯ ಮಳೆ ನಮ್ಮ ಮಳೆಯಂತಲ್ಲ. ಬರುತ್ತೇನೆಂದು ಹೇಳಿ ಬಾರದೆ, ನೆನೆಸದಿದ್ದಾಗ ಬಂದು ಬಡಿದು ಹೋಗುತ್ತದೆ. ಜನ ಹೊಲಕ್ಕೆ ಹೋದ ದಿನಗಳಲ್ಲಿ ವಾಚನಾಲಯದಲ್ಲಿ ನಾವಿಬ್ಬರೇ ಇರುತ್ತಿದ್ದೆವು. ಅವರು ಹಳೆಯ ಬಜೆ ತೆಗೆದು ಹೊಸ ತುಂಡು ಇಡುತ್ತಿದ್ದರು, ನಾನು ಪುಸ್ತಕ ಎತ್ತಿಕೊಡುತ್ತಿದ್ದೆ. ಬಾಯಾರ ಎನ್ನುವುದು ಹೋಗಿ ಯವ್ವಾ ಎನ್ನುವುದು ಬಂತು. ಅವರ ಬದುಕಿನ ಕತೆ ನನಗೆ ಹೀಗೆ ತುಂಡುತುಂಡಾಗಿ ಸಿಕ್ಕಿತು.

"ಮುಂಬೈದಾಗ ಏನು ಮಾಡ್ತಿದ್ರಿ?" ಎಂದು ಒಮ್ಮೆ ಕೇಳಿದೆ. ಅಷ್ಟು ಹೊತ್ತಿಗೆ ನನ್ನ ನಾಲಗೆಗೂ ಅಲ್ಲಿನ ಮಾತು ಹತ್ತುತ್ತಿತ್ತು.

"ಪ್ರಶ್ನೆ ಕೇಳ್ತಿದ್ದೆ. ಹೊರ್ತಿ ಕಡಿ ಹಳ್ಳಿಗೋಳಿಗೆ ಕುಡಿಯಾಕ ನೀರಿದ್ದಿಲ್ಲ. ಬಾವಿ ತೋಡಸ್ರಿ ಅಂತ ಕೇಳಿದೆ. ಸರಕಾರ ವಿಚಾರ ಮಾಡಾಕತ್ತೈತಿ ಅಂದ್ರು. ಮುಂದಿನ ಸಲ ಕೇಳಿದೆ, ಆಗೂ ಹಂಗ ಅಂದ್ರು." ಸ್ವಲ್ಪ ತಡೆದು, "ಸರಕಾರನ ಬದಲಾತು. ವಿಚಾರ ಇನ್ನೂ ಮುಗದಿಲ್ಲ" ಎಂದರು.

ನಾನು ನಕ್ಕೆ. ಅವರು ನಗಲಿಲ್ಲ.

"ಗಿರಗಾಂವದಾಗ ಒಂದು ಖೋಲಿ ಹಿಡದಿದ್ದೆ. ಸಂಜೀಕ ಬಂದರ ಮಾತಾಡಾಕ ಗೋಡಿ ಬಿಟ್ಟರ ಯಾರಿಲ್ಲ. ಮಗ್ಗಲಕ್ಕ ಒಂದು ವಾಚನಾಲಯ ಇತ್ತು. ಅಲ್ಲಿ ಹೋಗಿ ಕೂಡ್ತಿದ್ದೆ. ನನ್ನ ಆಚೀಚೆ ಮಂದಿ ಇರ್ತಿದ್ರು. ಯಾಂವ ಬಂದಾನ, ಯಾಕ ಬಂದಾನ, ಯಾರೂ ಕೇಳ್ತಿದ್ದಿಲ್ಲ. ಗುಡಿಗೆ ಹೋದ್ರ ಏನು ಹರಕಿ ಅಂತಾರ, ಹಾಟೇಲಿಗೆ ಹೋದ್ರ ಏನು ಬೇಕು ಅಂತಾರ. ಸುಮ್ಮನ ಕೂಡಾಕ ಒಂದು ಜಾಗಾ ಬೇಕಲ್ಲ ಯವ್ವಾ, ಮನಷಾಗ?"

ಇನ್ನೊಂದು ಮಧ್ಯಾಹ್ನ, ಜಿಟಿಜಿಟಿ ಮಳೆ ಹಿಡಿದಿದ್ದಾಗ, ಕೇಳದೆಯೇ ಹೇಳಿದರು. ಅವರ ಹೆಂಡತಿ ಗಂಗವ್ವನಿಗೆ ಜ್ವರ ಬಂದಾಗ ಅವರು ಕೌನ್ಸಿಲ್ ಸಭೆಯಲ್ಲಿದ್ದರು. ಬಾವಿಯ ಪ್ರಶ್ನೆಯ ಸರದಿ ಬರುವುದರಲ್ಲಿತ್ತು. ಸಿಪಾಯಿಯೊಬ್ಬ ತಂತಿ ತಂದುಕೊಟ್ಟ. ವಕೀಲರಿಗೆ ತಂತಿಯೆಂದರೆ ಕಕ್ಷಿದಾರರದೇ ಇರುತ್ತದೆ. ಜೇಬಿಗೆ ಹಾಕಿಕೊಂಡು, ಎದ್ದು ನಿಂತು ಪ್ರಶ್ನೆ ಕೇಳಿ, ಉತ್ತರ ಕೇಳಿಸಿಕೊಂಡು, ಹೊರಗೆ ಬಂದ ಮೇಲೆ ಒಡೆದು ನೋಡಿದರು. ರೈಲಿನಲ್ಲಿ ಆಲಮಟ್ಟಿಗೆ ಬಂದು, ಅಲ್ಲಿಂದ ಚಕ್ಕಡಿಯಲ್ಲಿ ಊರು ಮುಟ್ಟುವ ಹೊತ್ತಿಗೆ ಮಣ್ಣು ಕೊಟ್ಟಾಗಿತ್ತು.

"ಆಗಲೇ ತಂತಿ ಒಡದಿದ್ರೂ ಮುಟ್ಟತಿದ್ದಿಲ್ಲ. ಅದ ರೈಲಿಗೇ ಬರಬೇಕಿತ್ತು" ಎಂದರು. "ಆದ್ರೂ."

ಆ 'ಆದ್ರೂ' ಆದ ಮೇಲೆ ಅವರು ಕಪಾಟಿನ ಪುಸ್ತಕ ಒರೆಸತೊಡಗಿದರು. ಮತ್ತೆ ಚುನಾವಣೆಗೆ ನಿಲ್ಲಲಿಲ್ಲವೆಂದು, ಕಕ್ಷಿದಾರರು ಕೂರುತ್ತಿದ್ದ ಮುಂದಿನ ಕೋಣೆಯನ್ನೇ ತೆರವು ಮಾಡಿ ಪುಸ್ತಕ ಜೋಡಿಸಿ ಊರಿಗೆಲ್ಲ ಬಾಗಿಲು ತೆರೆದರೆಂದು ಹುಸೇನಸಾಬನಿಂದ ತಿಳಿಯಿತು. ಗಳಿಸಿದ್ದರಲ್ಲಿ ಬಹುಭಾಗ ಪುಸ್ತಕಕ್ಕೇ ಹೋಯಿತಂತೆ. ನಾವು ಹೋಗುವುದಕ್ಕೆ ಕೆಲವು ವರ್ಷ ಮೊದಲು, ತಮ್ಮ ಕಾಲ ಮುಗಿಯುತ್ತ ಬಂತೆಂದು, ಆ ಮುಂದಿನ ಕಟ್ಟಡವನ್ನು ಊರಿನ ಒಂದು ಮಂಡಳಿಯ ಹೆಸರಿಗೆ ದಾನಪತ್ರ ಮಾಡಿ ರಜಿಸ್ಟರ್ ಮಾಡಿಸಿದ್ದರು.

ನವರಾತ್ರಿ ಮುಗಿದ ವಾರ. ನಾನು ಹೋದಾಗ ಅವರು ಬಾಗಿಲ ಕಟ್ಟೆಯ ಮೇಲೇ ನಿಂತಿದ್ದರು, ನನಗಾಗಿ ಕಾಯುತ್ತಿದ್ದವರಂತೆ.

"ಯವ್ವಾ, ನೀ ಇನ್ನ ಮ್ಯಾಲೆ ಇಲ್ಲಿ ಬರಬ್ಯಾಡ."

ಯಾರಾದರೂ ಏನಾದರೂ ಅಂದರೇ ಎಂದು ಕೇಳಿದೆ.

"ಯಾರೂ ಏನೂ ಅಂದಿಲ್ಲ. ಗುರುಸಿದ್ದಪ್ಪ ದಾವಾ ಹಾಕ್ಯಾನ. ಈ ಮನಿ ನಮ್ಮ ಅಜ್ಜನ ಕಾಲದ್ದು, ಪಾಲಾಗಿಲ್ಲ, ದೊಡ್ಡಪ್ಪಗ ಒಬ್ಬನ ದಾನ ಕೊಡೂ ಹಕ್ಕಿಲ್ಲ ಅಂತ. ಇವತ್ತ ಕೋರ್ಟಿನ್ಯಾಗ ದಾಖಲ ಆಗೈತಿ. ದಾವಾ ನಡಿಯೂದು ನಿನ್ನ ಯಜಮಾನರ ಮುಂದ. ನೀ ಇಲ್ಲಿ ಕುಂತರ ಅವರ ಕುರ್ಚಿಗೆ ಚಂದ ಅಲ್ಲ."

"ಎಷ್ಟು ದಿನ?"

"ದಿವಾಣಿ ದಾವಾ ಯವ್ವಾ. ಅದಕ್ಕ ಎಷ್ಟು ದಿನ ಅಂತ ಯಾರು ಹೇಳಬೇಕು? ಹೋಗು, ಬಿಸಲ ಐತಿ."

ನಾನು ರಸ್ತೆ ದಾಟಿ ಮನೆಗೆ ಬಂದೆ. ಆ ದಿನ ನಮ್ಮವರು ಬೇಗ ಬಂದರು. ಕೋಟು ಬಿಚ್ಚದೆ ಪಡಸಾಲೆಯಲ್ಲಿ ಅಡ್ಡಾಡಿದರು, ಹೇಗೆ ಹೇಳಲಿ ಎಂದು ಮಾತು ಹುಡುಕುತ್ತಿದ್ದರು.

"ವಾಚನಾಲಯಕ್ಕೆ ಹೋಗಬಾರದು ಅಂತ ತಾನೆ? ಅವರೇ ಹೇಳಿ ಕಳಿಸಿದ್ರು" ಎಂದೆ.

ಅವರು ನಿಂತಲ್ಲೇ ನಿಂತರು. "ಅವರೇನಾ? ದಾವೆ ಬಗ್ಗೆ ಬೇರೆ ಏನಾದ್ರೂ ಅಂದ್ರಾ?"

"ಬಿಸಿಲಿದೆ, ಹೋಗು ಅಂದ್ರು."

ದಾವೆ ಮೊದಲು ಕೂಗಿದ ದಿನ ನಮ್ಮವರು ತುಂಬಿದ ಕೋರ್ಟಿನಲ್ಲಿ ತಾವಾಗಿಯೇ, ತಮ್ಮ ಹೆಂಡತಿ ಈ ವಾಚನಾಲಯಕ್ಕೆ ಹೋಗುತ್ತಿದ್ದಳು, ಯಾರಿಗಾದರೂ ತಕರಾರಿದ್ದರೆ ದಾವೆಯನ್ನು ಬೇರೆ ಕೋರ್ಟಿಗೆ ಕಳಿಸಲು ಬರೆಯುತ್ತೇನೆ ಎಂದು ಹೇಳಿದರಂತೆ. ಗುರುಸಿದ್ದಪ್ಪ ಎದ್ದು, "ಸಾಹೇಬ್ರ ಮ್ಯಾಲೆ ನಮಗ ವಿಶ್ವಾಸ ಐತ್ರಿ" ಎಂದನಂತೆ. ಚನ್ನಪ್ಪ ವಕೀಲರೂ ತಕರಾರಿಲ್ಲ ಎಂದರಂತೆ. ಇದನ್ನೆಲ್ಲ ನನಗೆ ಹೇಳಿದ್ದು ಹುಸೇನಸಾಬ. ನಮ್ಮವರು ಕೋರ್ಟಿನ ಒಂದು ಮಾತನ್ನೂ ಮನೆಗೆ ತರುತ್ತಿರಲಿಲ್ಲ.

ಹೀಗೆ ಮತ್ತೆ ಕಿಟಕಿಗೆ ಬಂದೆ. ಈ ಸಲ ಅದು ಮೊದಲಿಗಿಂತ ಕಷ್ಟ. ಮೊದಲು ಆ ಊರಿನಲ್ಲಿ ನನಗೆ ಯಾರೂ ಇರಲಿಲ್ಲ. ಈಗ ಒಬ್ಬರಿದ್ದರು, ರಸ್ತೆಯಾಚೆ. ಸಂಜೆ ಅವರು ಬಾಗಿಲು ಹಾಕಿ ಕೋಲೂರಿಕೊಂಡು ಗುಡಿಯ ಕಡೆ ಹೋಗುವಾಗ ನಮ್ಮ ಮನೆಯ ಮುಂದೆಯೇ ಹಾಯಬೇಕಿತ್ತು. ಒಂದು ದಿನವೂ ತಲೆಯೆತ್ತಿ ನೋಡಲಿಲ್ಲ. ನಾನೂ ಕರೆಯಲಿಲ್ಲ. ನಾನು ಕಿಟಕಿಯಲ್ಲಿದ್ದೇನೆಂದು ಅವರಿಗೆ ಗೊತ್ತಿತ್ತು, ಅದು ನನಗೆ ಗೊತ್ತಿತ್ತು.

ಚಳಿಗಾಲ ಬಂತು. ಬಿಳಿಜೋಳ ಆಳೆತ್ತರ ಬೆಳೆದು ತೆನೆಯ ಕಾಳಿಗೆ ಹಾಲು ತುಂಬಿತು. ಊರಿಗೆ ಊರೇ ಹೊಲಕ್ಕೆ ಹೋಗಿ ಹಸಿ ತೆನೆ ಸುಟ್ಟು ಸೀತನಿ ತಿನ್ನುವ ಕಾಲ. ಸುಟ್ಟ ತೆನೆಯ ಹೊಗೆ ಗಾಳಿಯಲ್ಲಿ ನಮ್ಮ ಮನೆಯವರೆಗೆ ಬರುತ್ತಿತ್ತು. ಒಂದು ದಿನ ಔಷಧಕ್ಕೆಂದು ಹೋಗಿ ಸರಕಾರಿ ದವಾಖಾನೆಯ ಕಟ್ಟೆಯ ಮೇಲೆ ಕೂತಿದ್ದಾಗ ಒಬ್ಬ ಹೆಂಗಸು ನನ್ನ ಪಕ್ಕ ಬಂದು ಕೂತಳು. ಕಂಕುಳಲ್ಲಿ ಕೆಮ್ಮುವ ಕೂಸು. ಗುರುಸಿದ್ದಪ್ಪನ ಹೆಂಡತಿ ನೀಲವ್ವ ಎಂದು ಆಕೆಯೇ ಹೇಳಿದಳು. ನಾನು ಏಳಲು ಹೋದೆ.

"ಕೂಡ್ರಿ ಬಾಯಾರ. ದಾವಾದ ಮಾತು ನಾ ಆಡೂದಿಲ್ಲ" ಎಂದಳು. ಆಮೇಲೆ ತಡೆಯಲಾರದೆ ಆಡಿಯೇಬಿಟ್ಟಳು. "ಐದು ಹೆಣ್ಣಮಕ್ಕಳ್ರಿ ನನಗ. ಹಿಂದಿನ ಮಾಳಿಗಿ ಎಲ್ಲಾ ಕಡಿ ಸೋರತೈತಿ. ಮಳಿಗಾಲದಾಗ ಕೂಸುಗೋಳನ್ನ ಕೊಟಗ್ಯಾಗ ದನದ ಜೋಡಿ ಮಲಗಸ್ತೇನಿ. ಮುಂದ ಪುಸ್ತಕ ಬೆಚ್ಚಗ ಇರ್ತಾವ. ನಮ್ಮ ಮಾವನಾರು ದೇವರಂಥಾವರು, ಅವರ ಊಟಾ ನಾ ಒಂದು ದಿನಾ ತಪ್ಪಸಿಲ್ರಿ. ಆದ್ರ ದೇವರಿಗೆ ಮಾಳಿಗಿ ಸೋರೂದು ಕಾಣಸೂದಿಲ್ಲ."

ಅಲ್ಲಿಯವರೆಗೆ ಗುರುಸಿದ್ದಪ್ಪನನ್ನು ದುರಾಸೆಯವನೆಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಅದು ನನಗೆ ಎಷ್ಟೋ ಆಸರೆಯಾಗಿತ್ತು. ಅದೂ ಹೋಯಿತು.

ಸಾಕ್ಷಿಯ ದಿನ ಊರಿನ ಅರ್ಧ ಜನ ಕೋರ್ಟಿನಲ್ಲಿ ನೆರೆದಿದ್ದರಂತೆ. ಸಂಜೆ ಹುಸೇನಸಾಬ ನೀರಿನ ಕೊಡ ಇಳಿಸಿ, ಹೋಗದೆ ನಿಂತ.

"ಮುದುಕರು ಇವತ್ತ ಕಟಕಟ್ಯಾಗ ನಿಂತಿದ್ರ್ರಿ ಬಾಯಾರ. ಹಳೇ ಕರೀ ಕೋಟು ಹಾಕ್ಕೊಂಡು ಬಂದಿದ್ರು. ಕುರ್ಚಿ ಕೊಡಸ್ತೇನಿ ಅಂತ ಸಾಹೇಬ್ರು ಅಂದ್ರು. ಬ್ಯಾಡ, ಸಾಕ್ಷಿ ನಿಂತ ಹೇಳಬೇಕು ಅಂದ್ರು."

ಇಡೀ ದಾವೆ ನಿಂತದ್ದು ಒಂದೇ ಮಾತಿನ ಮೇಲೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಾದರೂ ಮನೆ ಪಾಲು ಮಾಡಿಕೊಂಡಿದ್ದರೆ, ಮುಂದಿನ ಭಾಗ ವಕೀಲರದು, ದಾನ ಸರಿ. ಪಾಲಾಗಿಲ್ಲವೆಂದರೆ ದಾನಪತ್ರ ಬರೀ ಕಾಗದ. ತಮ್ಮ ಸತ್ತುಹೋಗಿದ್ದ. ಇಬ್ಬರ ನಡುವೆ ಏನು ಮಾತಾಯಿತೆಂದು ಬಲ್ಲವರು ಭೂಮಿಯ ಮೇಲೆ ವಕೀಲರೊಬ್ಬರೇ.

"ಗುರುಸಿದ್ದಪ್ಪನ ವಕೀಲ ಕೇಳಿದನ್ರಿ, ನಿಮ್ಮ ತಮ್ಮಾರು ಮುಂದಿನ ಮನಿ ನಿನ್ನ ಪಾಲಿಗೆ ಅಂತ ಎಂದರ ಅಂದಿದ್ರೇನು ಅಂತ. ಬಾಯಾರ, 'ಹೌದು' ಅಂದ್ರ ಮುಗೀತಿತ್ರಿ. ಇಲ್ಲ ಅನ್ನಾಕ ಯಾರದಾರ? ಸೂಜಿ ಬಿದ್ರ ಕೇಳೂವಂಗ ಆಗಿತ್ತು ಕೋರ್ಟು. ನಮ್ಮ ಸಾಹೇಬ್ರ ಲೇಖಣಿ ನಿಂತಿತ್ತು. ವಿಚಾರ ಮಾಡಿ ಹೇಳ್ರಿ, ಅವಸರ ಇಲ್ಲ ಅಂದ್ರು ಸಾಹೇಬ್ರು."

"ಏನಂದ್ರು?"

"ಅಂದಿಲ್ಲ ಅಂದ್ರ್ರಿ. ಪಾಲು ಅನ್ನೂ ಮಾತು ನಮ್ಮಿಬ್ಬರ ನಡುವ ಬಂದ ಇಲ್ಲ. ಅಂವ ಹಿಂದ ಇದ್ದ, ನಾ ಮುಂದ ಇದ್ದೆ, ಅಷ್ಟ. ಅಂವ ಕೇಳಲಿಲ್ಲ, ನಾ ಹೇಳಲಿಲ್ಲ. ಹಂಗಂದು ಕೆಳಗ ಇಳದ್ರು. ಗುರುಸಿದ್ದಪ್ಪ ಮಾರಿಗೆ ಟವಲು ಹಚ್ಚಿಕೊಂಡು ಹೊರಗ ಹೋದ."

ಆ ದಿನ ನಮ್ಮವರು ಊಟಕ್ಕೆ ಕೂತು, ಅನ್ನ ಕಲಸಿ, ಹಾಗೆಯೇ ಎದ್ದರು. ಕೇಳಿದ್ದರೂ ಅವರು ಹೇಳುತ್ತಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಒಂದೇ ವಿಷಯ ನೆನೆಯುತ್ತ, ಅದರ ಹೆಸರು ಎತ್ತದೆ ವಾರಗಟ್ಟಲೆ ಕಳೆದೆವು.

ಬಿಸಿಲು ಏರತೊಡಗಿದಾಗ ತೀರ್ಪಾಯಿತು. ದಾನಪತ್ರ ನಿಲ್ಲುವುದಿಲ್ಲ, ಮನೆ ಒಟ್ಟು ಕುಟುಂಬದ್ದು ಎಂದು ನಮ್ಮವರು ಬರೆದಿದ್ದರು. ಅವರು ಮನೆಗೆ ಬಂದಾಗ ನಾನು ಕಾಫಿ ಲೋಟವನ್ನು ಎದುರಿಗಿಟ್ಟು ಒಳಗೆ ಹೋದೆ. ಕಾನೂನು ಎಂದರೆ ಕಾನೂನು ಎಂದು ನನಗೆ ತಿಳಿಯದೆ ಇರಲಿಲ್ಲ. ಆದರೂ ಆ ಸಂಜೆ ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.

ಮರುದಿನ ಊರಿನವರು ವಾಚನಾಲಯದಲ್ಲಿ ಸೇರಿದರು. ಅಪೀಲು ಹಾಕಿರೆಂದು ಕೆಲವರು, ನಿಮ್ಮ ಅರ್ಧ ಪಾಲು ಬೇರೆ ಮಾಡಿಸಿಕೊಂಡು ಅದನ್ನೇ ಮತ್ತೆ ದಾನ ಮಾಡಿರೆಂದು ಕೆಲವರು. ಹುಸೇನಸಾಬ ಕಟ್ಟೆಯ ಮೇಲೆ ನಿಂತು ಕೇಳಿದ್ದ.

"ತೀರ್ಪು ಸರಿ ಐತಿ ಅಂದ್ರ್ರಿ ಮುದುಕರು. ಆ ಕುರ್ಚಿ ಮ್ಯಾಲೆ ನಾ ಇದ್ದರೂ ಅದನ್ನ ಬರೀತಿದ್ದೆ ಅಂದ್ರು. ಪಾಲು ಕೇಳಿದ್ರ ಸಿಗತೈತಿ, ಖರೆ. ತಮ್ಮ ಇದ್ದಾಗ ಕೇಳದ ಪಾಲು, ಈಗ ಅವನ ಮಗನ ಹತ್ರ ಕೇಳಲೇನು, ಅಂದ್ರು."

ಗುರುಸಿದ್ದಪ್ಪನೇ ಬಂದು, ನೀವಿರುವವರೆಗೆ ವಾಚನಾಲಯ ಇದ್ದಲ್ಲೇ ಇರಲಿ ದೊಡ್ಡಪ್ಪ ಎಂದು ಕಾಲು ಹಿಡಿದನಂತೆ. ವಕೀಲರು ಒಪ್ಪಲಿಲ್ಲ. ಮಂದಿ ಓದುವ ಜಾಗ ಒಬ್ಬನ ದಯೆಯ ಮೇಲೆ ಇರಬಾರದು, ನಿನ್ನ ಮಕ್ಕಳನ್ನು ಕೊಟ್ಟಿಗೆಯಿಂದ ಒಳಗೆ ತಾ ಎಂದರಂತೆ. ಊರಿನ ಮುನಸಿಪಾಲಿಟಿಯವರು ಬಸ್ ನಿಲ್ದಾಣದ ಹತ್ತಿರ, ಮೊದಲು ಜಕಾತಿ ಸುಂಕ ವಸೂಲಿ ಮಾಡುತ್ತಿದ್ದ ಒಂದು ಖಾಲಿ ಕೋಣೆ ಕೊಟ್ಟರು.

ಅಪೀಲಿನ ಅವಧಿ ಮುಗಿದ ಮೇಲೆ, ಪುಸ್ತಕ ಸಾಗಿಸುವ ದಿನ ಬೆಳಿಗ್ಗೆ ನಮ್ಮವರು ಕೋರ್ಟಿಗೆ ಹೊರಡುವಾಗ ಬಾಗಿಲಲ್ಲಿ ನಿಂತು, ನನ್ನ ಕಡೆ ನೋಡದೆ, "ಇನ್ನು ನೀನು ಹೋಗಬಹುದು" ಎಂದರು. ನಾನು ಒಲೆಯ ಮೇಲಿದ್ದದ್ದನ್ನು ಇಳಿಸಿ ರಸ್ತೆ ದಾಟಿದೆ.

ಚನ್ನಪ್ಪ ವಕೀಲರು ಬಹಳ ಇಳಿದುಹೋಗಿದ್ದರು. ಕೊರಳಿನ ನರ ಕಾಣುತ್ತಿದ್ದವು. ನನ್ನನ್ನು ಕಂಡು, ನಿನ್ನೆಯಷ್ಟೇ ನೋಡಿದವರಂತೆ, "ಬಾ ಯವ್ವಾ. ಆ ಕಪಾಟಿನ ಮ್ಯಾಲಿನ ಸಾಲು ನನಗ ನಿಲುಕೂದಿಲ್ಲ" ಎಂದರು. ನೀಲವ್ವ, ಅವಳ ದೊಡ್ಡ ಹುಡುಗಿಯರು, ನಾನು, ಎಲ್ಲರೂ ಸೇರಿ ಪುಸ್ತಕಗಳನ್ನು ಹಳೆಯ ಧೋತರಗಳಲ್ಲಿ ಗಂಟು ಕಟ್ಟಿದೆವು. ನೀಲವ್ವ ಅಳುತ್ತಲೇ ಕಟ್ಟಿದಳು. ಕಪಾಟು ಖಾಲಿಯಾದ ಹಾಗೆ ಕೋಣೆಯಲ್ಲಿ ಮಾತು ಗುಂಯ್ ಎನ್ನತೊಡಗಿತು. ಕೊನೆಯ ಚಕ್ಕಡಿ ಹೋದ ಮೇಲೆ ವಕೀಲರು ನಡುಕೋಣೆಯಲ್ಲಿ ನಿಂತು ಮೇಲೆ ಕೆಳಗೆ ನೋಡಿದರು.

"ಗಂಗವ್ವ ಇದ್ದಾಗ ಇಲ್ಲಿ ಜ್ವಾಳದ ಚೀಲ ಇಡ್ತಿದ್ವಿ" ಎಂದರು. ಅಷ್ಟೇ. ಕೋಲು ತೆಗೆದುಕೊಂಡು ಚಕ್ಕಡಿಯ ಹಿಂದೆ ನಡೆದರು.

ಹೊಸ ಕೋಣೆ ಹಳೆಯದರ ಕಾಲುಭಾಗವೂ ಇರಲಿಲ್ಲ. ಅರ್ಧ ಪುಸ್ತಕ ಗಂಟಿನಲ್ಲೇ ಉಳಿದವು. ಬಸ್ಸಿನ ಧೂಳು, ಕಂಡಕ್ಟರುಗಳ ಕೂಗು, ತಗಡಿನ ಚಾವಣಿಯ ಕಾವು. ನಾನು ಅಲ್ಲಿಗೆ ಹೋದದ್ದು ಕೆಲವೇ ಸಲ. ನಮ್ಮವರಿಗೆ ಹಾಸನಕ್ಕೆ ವರ್ಗವಾಯಿತು. ಚನ್ನಪ್ಪ ವಕೀಲರು ಮರುವರ್ಷದ ಚಳಿಯಲ್ಲಿ ತೀರಿಕೊಂಡರೆಂದು ಬಹಳ ದಿನದ ಮೇಲೆ ಅಲ್ಲಿಂದ ಬಂದ ಗುಮಾಸ್ತರೊಬ್ಬರಿಂದ ಕೇಳಿದೆ. ಆ ಕೋಣೆ ಈಗ ಇಲ್ಲವಂತೆ. ಪುಸ್ತಕಗಳು ಎಲ್ಲಿ ಹೋದವೋ ಯಾರಿಗೂ ಗೊತ್ತಿಲ್ಲ.

ನಾವು ಊರು ಬಿಟ್ಟ ದಿನದ ಮಾತೊಂದು ಉಳಿದಿದೆ. ವಿಜಾಪುರಕ್ಕೆ ಹೋಗುವ ಬಸ್ಸಿಗಾಗಿ ಕಾಯುತ್ತಿದ್ದೆವು. ಹುಸೇನಸಾಬ ಟ್ರಂಕುಗಳ ಪಕ್ಕ ಕೂತಿದ್ದ. ಬಿಸಿಲು ಹೆಂಚಿನಂತೆ ಕಾದಿತ್ತು. ಒಬ್ಬಿಬ್ಬರು ವಕೀಲರು ಬಂದು ನಮಸ್ಕಾರ ಹೇಳಿ ದೂರ ನಿಂತರು. ನಮ್ಮವರು ಒಂದಷ್ಟು ಹೊತ್ತು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದವರು, ನನಗೂ ಹೇಳದೆ, ನಿಲ್ದಾಣ ದಾಟಿ ಆ ಕೋಣೆಯ ಕಡೆ ನಡೆದರು. ನಾನು ಹಿಂದೆ ಹೋದೆ. ಅವರು ಹೊಸ್ತಿಲಲ್ಲಿ ಬೂಟು ಬಿಚ್ಚಿದರು.

ವಕೀಲರು ಒಳಗೆ ಒಬ್ಬರೇ ಇದ್ದರು. ನ್ಯಾಯಾಧೀಶರನ್ನು ಕಂಡು, ಹಳೆಯ ಅಭ್ಯಾಸದಂತೆ, ಕೋಲೂರಿ ಏಳಲು ಹೋದರು.

"ಏಳಬೇಡಿ" ಎಂದರು ನಮ್ಮವರು. ಮತ್ತೇನೋ ಹೇಳಲು ಬಾಯಿ ತೆರೆದರು.

ವಕೀಲರು ಕೈಯೆತ್ತಿ ತಡೆದರು. "ಕೂಡ್ರಿ" ಎಂದರು. ತಾವು ಓದುತ್ತಿದ್ದ ಪತ್ರಿಕೆಯ ಒಳಗಿನ ಹಾಳೆಗಳನ್ನು ಬೇರೆ ಮಾಡಿ ಅವರತ್ತ ಸರಿಸಿದರು.

ನಮ್ಮವರು ಬೆಂಚಿನ ಮೇಲೆ ಕೂತು ಪತ್ರಿಕೆ ಬಿಡಿಸಿದರು. ಆ ಊರಿಗೆ ಬಂದ ಮೇಲೆ ಅವರು ಮನೆ, ಕೋರ್ಟು ಬಿಟ್ಟು ಬೇರೊಂದು ಕಡೆ ಕೂತದ್ದನ್ನು ನಾನು ನೋಡಿರಲಿಲ್ಲ. ಒಬ್ಬ ಗೆಳೆಯನಿಲ್ಲದೆ, ಒಂದು ಹರಟೆಯಿಲ್ಲದೆ ಅವರೂ ಆ ವರ್ಷ ಕಳೆದಿದ್ದರೆಂಬುದು ನನಗೆ ಹೊಳೆದದ್ದು ಆಗಲೇ. ನಾನು ಗಂಟುಗಳ ಪಕ್ಕ ಸ್ಟೂಲಿನ ಮೇಲೆ ಕೂತೆ. ಹಾಳೆ ಮಗುಚುವ ಸಪ್ಪಳ ಬಿಟ್ಟರೆ ಏನೂ ಇಲ್ಲ.

ಬಸ್ಸು ಬಂತು. ಹುಸೇನಸಾಬ ಟ್ರಂಕು ಮೇಲೇರಿಸಿ ಬಾಗಿಲಿಗೆ ಬಂದು ನಿಂತ. ನಮ್ಮವರು ಪತ್ರಿಕೆ ಮಡಚತೊಡಗಿದರು.

"ಓದಿ ಮುಗೀತೇನ್ರಿ ಸಾಹೇಬ್ರ?" ಎಂದರು ವಕೀಲರು, ತಮ್ಮ ಹಾಳೆಯಿಂದ ಕಣ್ಣೆತ್ತದೆ.

"ಇಲ್ಲ. ಇನ್ನೂ ಒಂದು ಪುಟ ಇದೆ."

"ಹಂಗಾರ ಕೂಡ್ರಿ. ಸಂಜೀಕ ಇನ್ನೊಂದು ಬಸ್ಸೈತಿ."

ನಮ್ಮವರು ನನ್ನ ಮುಖ ನೋಡಿದರು. ಆಮೇಲೆ ಬಾಗಿಲ ಕಡೆ ತಿರುಗಿ ಹೇಳಿದರು. "ಹುಸೇನಸಾಬ, ಟ್ರಂಕು ಇಳಿಸಿಬಿಡು."